ಅಮ್ಮನ ಹಾಳೆ, ನಿನ್ನ ಹಾಳೆ

ಅಗ್ನಿಶಾಮಕ ಠಾಣೆ ಕ್ವಾರ್ಟರ್ಸ್,
ಹದಿನೆಂಟನೇ ತಾರೀಖು, ಬುಧವಾರ

ಪ್ರೀತಿಯ ಚಿನಕುರುಳಿ,

ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟರೆ ಪೆನ್ನು ಸ್ವಲ್ಪ ಹೊತ್ತು ನಿಂತುಬಿಟ್ಟಿತು. ಇರಲಿ, ಚೆನ್ನಾಗಿಯೇ ಇದ್ದೇವೆ ಅಂದುಕೋ. ನಿನ್ನ ಮೂರು ಪತ್ರ ಬಂದು ಮೇಜಿನ ಮೇಲೆ ಕೂತಿವೆ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಬರೆಯಲು ಕೂತೆ. ಎರಡು ಸಲವೂ ಬರೆದದ್ದನ್ನು ಓದಿ ನನಗೇ ಹೆದರಿಕೆಯಾಗಿ ಹರಿದು ಹಾಕಿದೆ. ಕೊನೆಗೆ ನಿನ್ನ ಭಾವ, "ಬೈಯೋದಿದ್ರೆ ಒಂದೇ ಸಲ ಬೈದು ಪೋಸ್ಟ್ ಮಾಡಿಬಿಡು, ದಿನಾ ನನ್ನ ಮೇಲೆ ಯಾಕೆ ರಿಹರ್ಸಲ್?" ಅಂದರು. ಅದಕ್ಕೇ ಇವತ್ತು ರಜೆ ಹಾಕಿ ಕೂತಿದ್ದೇನೆ.

ಮೊದಲು ಮನೆ ಸುದ್ದಿ. ನಿನ್ನ ಭಾವನ ಹೊಲಿಗೆ ಅಂಗಡಿಗೆ ಶಾಲೆ ಮಕ್ಕಳ ಯೂನಿಫಾರಂ ಬಂದು ಬಿದ್ದಿದೆ, ಮನೆಯೆಲ್ಲ ನೀಲಿ ಚಡ್ಡಿ. ನನ್ನ ಮಂಡಿನೋವು ಹಾಗೇ ಇದೆ, ಬಿಟ್ಟು ಹೋಗುವ ನೆಂಟ ಅಲ್ಲ ಅದು. ಅಮ್ಮನ ಕಣ್ಣಿಗೆ ಡಾಕ್ಟರು ಹೊಸ ಹನಿ ಬರೆದುಕೊಟ್ಟಿದ್ದಾರೆ ಅಂದಿದ್ದೀಯ. ಅದು ಉರಿಯುತ್ತದಂತೆ, ಹಾಕಿದ ಮೇಲೆ ಸ್ವಲ್ಪ ಹೊತ್ತು ಅವಳ ಪಕ್ಕದಲ್ಲೇ ಕೂತಿರು. ನಿನ್ನ ಕಾರಿನ ಡ್ರೈವರ್ ಕೈಯಲ್ಲಿ ಹಾಕಿಸಬೇಡ.

ಇನ್ನು ನಿನ್ನ ಪತ್ರಗಳು. ಮೂರರಲ್ಲೂ ಒಂದೇ ಮಾತು: "ಅಕ್ಕ, ಅದು ರಾಜಕೀಯ. ಮನಸ್ಸಿಗೆ ಹಚ್ಕೋಬೇಡ." ಮೂರನೆಯದರ ಕೊನೆಯಲ್ಲಿ ಇನ್ನೊಂದು ಸಾಲು: "ಅಮ್ಮ ದಿನಾ ಕೇಳ್ತಾಳೆ, ಅವಳ ಹಾಳೆ ಯಾಕೆ ಬಂದಿಲ್ಲ ಅಂತ. ಗಿಳಿ ಕಥೆ ಥರದ್ದು ಇನ್ನೊಂದು ಬರಿ." ಗಿಳಿ ಕಥೆ ಥರದ್ದು ಇನ್ನೊಂದು. ಹಾಗೆ ಬರೆಯುವಾಗ ನಿನ್ನ ಕೈ ಒಂದು ಕ್ಷಣವೂ ತಡೆಯಲಿಲ್ಲವಲ್ಲ, ಅದನ್ನೇ ಯೋಚಿಸುತ್ತಿದ್ದೇನೆ.

ನಮ್ಮ ಪದ್ಧತಿ ನಿನಗೆ ನೆನಪಿರಬೇಕು, ಅಮ್ಮನ ಕಣ್ಣು ಮಂಜಾದಾಗ ನೀನೇ ಮಾಡಿದ ಏರ್ಪಾಡು. ಒಂದು ಲಕೋಟೆಯಲ್ಲಿ ಎರಡು ಹಾಳೆ. ಮೊದಲನೆಯದು ಅಮ್ಮನದು, ನೀನು ಗಟ್ಟಿಯಾಗಿ ಓದಿ ಹೇಳುವುದು. ಅದರಲ್ಲಿ ಬೆಂಕಿ ಇರಬಾರದು, ಹೊಗೆ ಇರಬಾರದು, ನನ್ನ ಫೋನಿನಲ್ಲಿ ಯಾರೂ ಅಳಬಾರದು. ಠಾಣೆಯ ಫೋನ್ ಕೋಣೆ ಎಂದರೆ ಮರ ಹತ್ತಿದ ಬೆಕ್ಕು, ಸ್ನಾನದ ಮನೆಯಲ್ಲಿ ಸಿಕ್ಕಿಹಾಕಿಕೊಂಡ ಮೇಷ್ಟ್ರು, ಇಂಥವೇ. ಎರಡನೆಯದು ನಿನ್ನ ಹಾಳೆ. ಅದನ್ನು ನೀನು ಅಡುಗೆಮನೆಗೆ ಹೋಗಿ ಒಬ್ಬಳೇ ಓದಬೇಕು. ನಿಜವಾಗಿ ನಡೆದದ್ದೆಲ್ಲ ಅದರಲ್ಲಿ. ಗಂಡನಿಗೂ ಹೇಳದ ಎಷ್ಟೋ ಸಂಗತಿಯನ್ನು ಆ ಹಾಳೆಗೆ ಇಳಿಸಿ ನಾನು ಮಾರನೇ ದಿನ ಕೆಲಸಕ್ಕೆ ಹೋಗಿದ್ದೇನೆ.

ಗಿಳಿ ಅಮ್ಮನ ಹಾಳೆಯದು. ಮೇಯರ್ ತಾಯಿಯ ಗಿಳಿ ಪಂಜರದಿಂದ ತಪ್ಪಿಸಿಕೊಂಡು ಪಾರ್ಕಿನ ಮರದ ತುದಿಗೆ ಹೋಗಿ ಕೂತಿತು, ನಮ್ಮ ದೊಡ್ಡ ಏಣಿ ಗಾಡಿ ಗಂಟೆ ಬಾರಿಸುತ್ತ ಹೊರಟಿತು. ಗಾಡಿಯ ಉದ್ದಣ್ಣ ಮೇಲೆ ಹತ್ತಿ ಕೈ ಚಾಚಿದರೆ ಗಿಳಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಜಮಾನಿಯ ದನಿಯಲ್ಲೇ, "ಕಾಲು ಒರೆಸ್ಕೊಂಡು ಒಳಗೆ ಬಾ" ಅಂದಿತು. ಉದ್ದಣ್ಣ ಗಾಬರಿಗೆ ಏಣಿಯ ಮೆಟ್ಟಿಲಿಗೇ ಬೂಟು ಒರೆಸಿದ. ಇದನ್ನು ಕೇಳಿ ಅಮ್ಮ ನಕ್ಕು ನಕ್ಕು ಬಿಕ್ಕಳಿಕೆ ಬಂದು ನೀರು ಕುಡಿಸಬೇಕಾಯಿತು ಎಂದು ನೀನೇ ಬರೆದಿದ್ದೆ.

ಅದೇ ಲಕೋಟೆಯಲ್ಲಿ ನಿನ್ನ ಹಾಳೆ ಏನು ಹೇಳುತ್ತಿತ್ತು? ಗಿಳಿ ನೆಪ. ರಿಪೇರಿಯಾಗಿ ಬಂದ ಏಣಿಯನ್ನು ಏರಿಸಿ ನೋಡಬೇಕಿತ್ತು, ಇದೇ ಒಳ್ಳೆಯದಾಯಿತೆಂದು ಠಾಣೆಯ ಸಾಹೇಬರು ಕಳಿಸಿದರು. ಮರದ ಎತ್ತರಕ್ಕೆ ಹೋಗಿ ಏಣಿ ಕಚ್ಚಿಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಗಿಳಿ ಹಾರಿ ಮನೆಗೆ ಹೋಯಿತು, ಉದ್ದಣ್ಣ ಕತ್ತಲಾಗುವವರೆಗೆ ಗಾಳಿಯಲ್ಲಿ ತೂಗಾಡಿದ. ಅವತ್ತಿನಿಂದ ಆ ಏಣಿ ಐದನೇ ಮಹಡಿ ದಾಟಿಲ್ಲ. ಈ ಊರಿನಲ್ಲೋ ಎಲ್ಲಿ ನೋಡಿದರೂ ಇಪ್ಪತ್ತು ಮಹಡಿ. ಎಂಟನೇ ಮಹಡಿಯಿಂದ ಫೋನ್ ಬಂದರೆ ನಾನು, "ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿ ಹತ್ರ ಇರಿ, ನಮ್ಮೋರು ಬರ್ತಿದ್ದಾರೆ" ಅನ್ನುತ್ತೇನೆ. ಬರುತ್ತಾರೆ, ಮೆಟ್ಟಿಲು ಹತ್ತಿಕೊಂಡು. ಏಣಿಯ ಮಾತು ಮಾತ್ರ ಎತ್ತುವುದಿಲ್ಲ ಎಂದು ನಿನ್ನ ಹಾಳೆಯಲ್ಲಿ ಬರೆದಿದ್ದೆ.

ಹೊಸ ಏಣಿ ತರುವುದು ನಗರಪಾಲಿಕೆಯ ಕೈಲಾಗುವ ಮಾತಲ್ಲ. ಎತ್ತರದ ಕಟ್ಟಡಗಳಲ್ಲಿ ಅರ್ಧ ಕೇಂದ್ರ ಸರ್ಕಾರದ ಕಚೇರಿಗಳು. ಸರ್ಕಾರದ ಆಸ್ತಿ, ಅದಕ್ಕೆ ಪಾಲಿಕೆಗೆ ತೆರಿಗೆ ಇಲ್ಲ. ಬೆಂಕಿ ಬಿದ್ದರೆ ಫೋನ್ ಮಾತ್ರ ನಮಗೇ. ಬೆಳಗ್ಗೆ ರೈಲು ತುಂಬ ಹೊರಗಿನ ಜನ ಬರುತ್ತಾರೆ, ಇಲ್ಲಿಯ ನೀರು ಕುಡಿದು ಇಲ್ಲಿಯ ರಸ್ತೆ ತುಳಿದು ಸಂಜೆ ತಮ್ಮೂರಿಗೆ ಹೋಗುತ್ತಾರೆ. ಬರಲಿ, ಬೇಡ ಅನ್ನುವುದಿಲ್ಲ, ಅವರಿಂದಲೇ ಊರು ನಡೆಯುವುದು. ಇಡೀ ದೇಶ ಬಳಸುವ ಊರಿಗೆ ದೇಶವೂ ಒಂದು ಕೈ ಕೊಡಲಿ ಎಂದು ಆ ಮಸೂದೆ ಬಂದಾಗ, ದೊಡ್ಡ ನಗರಗಳ ನೀರು, ಚರಂಡಿ, ಅಗ್ನಿಶಾಮಕಕ್ಕೆ ದೇಶದ ಬೊಕ್ಕಸದಿಂದ ಒಂದು ಪಾಲು ಎಂದಾಗ, ನಮ್ಮ ಠಾಣೆಯಲ್ಲಿ ಜನ ಪೇಪರನ್ನು ಕಿತ್ತಾಡಿ ಓದಿದರು.

ಅದು ಚರ್ಚೆಗೆ ಬರುವ ಮುಂಚೆ ನೀನು ಇಲ್ಲಿಗೆ ಬಂದು ನಮ್ಮ ಠಾಣೆಯವರ ಜೊತೆ ಊಟಕ್ಕೆ ಕೂತಿದ್ದೆ. ಉದ್ದಣ್ಣ ತನ್ನ ಹೆಲ್ಮೆಟ್ ತೆಗೆದು ನಿನ್ನ ತಲೆಗಿಟ್ಟು, "ನಮ್ಮ ತಂಗೀನೇ ಸಂಸತ್ತಲ್ಲಿರುವಾಗ ನಮಗೇನು ಯೋಚನೆ?" ಅಂದ. "ನೋಡೋಣ ಅಣ್ಣ" ಅಂದೆ ನೀನು. ರಾಜಕಾರಣಿ "ನೋಡೋಣ" ಅಂದರೆ ಕಣ್ಣು ಮುಚ್ಚಿಕೊಂಡಾಯಿತು ಅಂತ ಅರ್ಥ ಎಂದು ನಿನ್ನ ಭಾವ ಅವತ್ತೇ ಹೇಳಿದರು. ನಾನು ಅವರ ಮೇಲೆ ರೇಗಿ ಸಂಜೆಯೆಲ್ಲ ಮಾತು ಬಿಟ್ಟಿದ್ದೆ.

ಚರ್ಚೆಯ ದಿನ ಊಟದ ಹೊತ್ತಿಗೆ ಠಾಣೆಯಲ್ಲಿ ರೇಡಿಯೋ ಹಾಕಿದ್ದರು. ನೀನು ಎದ್ದು ನಿಂತೆ. "ಹೊಟ್ಟೆಗೆ ಹಿಟ್ಟಿಲ್ಲದ ಹಳ್ಳಿಗಳ ದುಡ್ಡಲ್ಲಿ ಈ ನಗರದ ಜುಟ್ಟಿಗೆ ಮಲ್ಲಿಗೆ ಬೇಕಂತೆ" ಅಂದೆ. ಆಮೇಲೆ, ಆ ದುಡ್ಡಲ್ಲಿ ಏನು ಮಾಡುತ್ತಾರೆ ಕೇಳಿ ಎಂದು ಗಿಳಿಯ ಕಥೆ ತೆಗೆದೆ. ಓದಿದೆ ಅಂದರೆ ಸಾಲದು, ಅಮ್ಮನಿಗೆ ಓದುವ ಹಾಗೇ ಓದಿದೆ, ನನ್ನ ದನಿಯಲ್ಲಿ, ನಾನು ಎಲ್ಲಿ ಉಸಿರು ತೆಗೆದುಕೊಳ್ಳುತ್ತೇನೋ ಅಲ್ಲೇ ನಿಲ್ಲಿಸಿ. ಸಭೆಯೆಲ್ಲ ಮೇಜು ಕುಟ್ಟಿ ನಕ್ಕಿತು. "ಇದು ಹೊರಗಿನವರ ಮಾತಲ್ಲ, ಆ ಠಾಣೆಯಲ್ಲೇ ಕೆಲಸ ಮಾಡುವ ನನ್ನ ಒಡಹುಟ್ಟಿದವಳು ಕೈಯಾರೆ ಬರೆದದ್ದು" ಎಂದು ಮುಗಿಸಿದೆ. ಉದ್ದಣ್ಣ ಎದ್ದು ಹೋಗಿ ತಟ್ಟೆ ತೊಳೆದ. ಸಂಜೆ ಹೊತ್ತಿಗೆ ಮಸೂದೆ ಬಿತ್ತು ಅಂತ ಸುದ್ದಿ ಬಂತು.

ನಿನ್ನ ವಾದವೇ ತಪ್ಪು ಎನ್ನುತ್ತಿಲ್ಲ ಕಣೇ. ನಿನ್ನ ಕ್ಷೇತ್ರದಲ್ಲಿ ಬೆಂಕಿ ಬಿದ್ದರೆ ಗಾಡಿ ಬರುವಷ್ಟರಲ್ಲಿ ಬೂದಿ ಆರಿರುತ್ತದೆ, ಹೆರಿಗೆಗೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಾರೆ ಎಂದು ನೀನು ಹೇಳಿದ್ದು ನನಗೆ ಮರೆತಿಲ್ಲ. ಆ ಊಟದ ಮೇಜಿನ ಹತ್ತಿರವೇ, "ಅಕ್ಕ, ನಮ್ಮೋರಿಗೆ ಮೊದಲನೇ ಗಾಡಿ ಇಲ್ಲ, ನಿಮ್ಮೋರಿಗೆ ಎರಡನೇದು ಕೊಡಿ ಅಂತ ನಾನು ಹೇಗೆ ಕೈ ಎತ್ತಲಿ?" ಎಂದಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ, ಜಗಳವಂತೂ ಆಡುತ್ತಿದ್ದೆ. ಜಗಳವಾಡಿ ಬೆಳಗ್ಗೆ ನಿನಗೆ ಕಾಫಿ ಮಾಡಿ ರೈಲು ಹತ್ತಿಸುತ್ತಿದ್ದೆ. ಬೇಡ ಎಂದು ಓಟು ಹಾಕುವುದು ನಿನ್ನ ಹಕ್ಕು. ಆದರೆ ಎರಡೂ ಹಾಳೆ ಓದಿದವಳು ಇಡೀ ಲೋಕದಲ್ಲಿ ನೀನೊಬ್ಬಳೇ. ಅಮ್ಮನಿಗಾಗಿ ಹೇಳಿದ ಸುಳ್ಳನ್ನು ದೇಶಕ್ಕೆ ಓದಿ, ನಿನಗೆ ಹೇಳಿದ ನಿಜವನ್ನು ಬ್ಯಾಗಿನಲ್ಲಿಟ್ಟುಕೊಂಡು ಕೂತೆಯಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಈಗ ನಮ್ಮದು ಗಿಳಿ ಸ್ಟೇಷನ್. ಗಾಡಿ ಹೋದರೆ ಬಸ್ಸಿನಲ್ಲಿದ್ದವರು ಕಿಟಕಿಯಿಂದ ಸಿಳ್ಳೆ ಹಾಕುತ್ತಾರೆ. ಅದನ್ನೂ ನುಂಗಿಕೊಂಡೆವು. ಹೋದ ವಾರ ಎಂಟನೇ ಮಹಡಿಯಿಂದ ಒಬ್ಬ ಹಿರಿಯರ ಫೋನ್ ಬಂತು. ಕೆಳಗಿನ ಮಹಡಿಯೊಂದರಲ್ಲಿ ಬೆಂಕಿ, ಮೆಟ್ಟಿಲಲ್ಲೆಲ್ಲ ಹೊಗೆ, ಮನೆಯಲ್ಲಿ ಅವರು ಮತ್ತು ಹೆಂಡತಿ. ನಾನು ಎಂದಿನಂತೆ ಬಾಗಿಲು ಮುಚ್ಚಿ, ಒದ್ದೆ ಬಟ್ಟೆ ಎನ್ನಲು ಶುರುಮಾಡಿದೆ. ಅವರು ನಡುವೆಯೇ, "ಇರಮ್ಮ, ಇರು. ಈ ದನಿ... ನೀವು ಆ ಗಿಳಿ ಇಳಿಸೋರು ತಾನೆ?" ಅಂದರು. ನಾನು, "ದಯವಿಟ್ಟು ಹೊರಗೆ ಬರಬೇಡಿ" ಅಂದೆ. "ನಿಮ್ಮನ್ನ ನಂಬ್ಕೊಂಡು ಕೂತ್ರೆ ಆಯ್ತು ಕಥೆ" ಎಂದು ಫೋನ್ ಇಟ್ಟರು.

ಹೆಂಡತಿಯ ಕೈ ಹಿಡಿದುಕೊಂಡು ಆ ಹೊಗೆಯಲ್ಲಿ ಮೆಟ್ಟಿಲಿಗಿಳಿದರು. ಉದ್ದಣ್ಣನ ತಂಡದವರು ಹತ್ತುವಾಗ ಇಬ್ಬರೂ ಆರನೇ ಮಹಡಿಯಲ್ಲಿ ಬಿದ್ದಿದ್ದರು. ಆಕೆ ಹುಷಾರಾಗಿದ್ದಾರೆ. ಅವರು ಇನ್ನೂ ಆಸ್ಪತ್ರೆಯಲ್ಲೇ, ಮೂಗಿಗೆ ನಳಿಕೆ ಹಾಕಿದ್ದಾರೆ, ನೋಡಿಕೊಂಡು ಬಂದೆ. ಆಮೇಲೆ ಉದ್ದಣ್ಣ ಹೇಳಿದ, ಅವರ ಮನೆಯೊಳಗೆ ಹೊಗೆಯೇ ಹೋಗಿರಲಿಲ್ಲ, ಮೇಜಿನ ಮೇಲಿನ ಕಾಫಿ ಕೂಡ ಹಾಗೇ ಇತ್ತು. ಅಲ್ಲೇ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ನೀರು ಎರಚುವವಳು ನಾನಲ್ಲ, ಏಣಿ ಹತ್ತುವವಳೂ ಅಲ್ಲ. ನನ್ನ ಹತ್ತಿರ ಇದ್ದದ್ದು ಜನ ನಂಬುವ ದನಿ ಒಂದೇ, ಅದನ್ನು ನೀನು ತೆಗೆದುಕೊಂಡು ಹೋಗಿ ನಗಿಸಿ ಬಂದೆ.

ಈ ಲಕೋಟೆಯಲ್ಲಿ ಎರಡನೇ ಹಾಳೆ ಎಲ್ಲಿ ಎಂದು ಹುಡುಕಬೇಡ. ಇನ್ನು ಮೇಲೆ ಒಂದೇ. ಇದು ಅಮ್ಮನ ಹಾಳೆ. ಕಣ್ಣಿಗೆ ಹನಿ ಹಾಕಿ ಉರಿ ಇಳಿದ ಮೇಲೆ, ಅವಳ ಪಕ್ಕ ಕೂತು, ಮೇಲಿನ ತಾರೀಖಿನಿಂದ ಹಿಡಿದು ಕೊನೆಯವರೆಗೆ ಗಟ್ಟಿಯಾಗಿ ಓದು. ಒಂದು ಸಾಲೂ ನುಂಗಬೇಡ. ನನ್ನ ದನಿಯಲ್ಲೇ ಓದು, ನಿನಗೆ ಅದು ಅಷ್ಟು ಚೆನ್ನಾಗಿ ಬರುತ್ತದಲ್ಲ. ಅಮ್ಮ ಗಾಬರಿಯಾಗುತ್ತಾಳೆ, ಆಗಲಿ. ಮಗಳು ಎಂಥ ಕೆಲಸದಲ್ಲಿದ್ದಾಳೆ ಎಂದು ತಿಳಿಯುವಷ್ಟು ಗಟ್ಟಿ ಅವಳಿದ್ದಾಳೆ, ಇಲ್ಲವೆಂದುಕೊಂಡವರು ನಾವಿಬ್ಬರೇ. ನೀನು ಓದಿದೆಯೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ಅಮ್ಮ ಫೋನ್ ಮಾಡಿದಾಗ ಅವಳ ಮೊದಲನೇ ಮಾತಿನಲ್ಲೇ ಗೊತ್ತಾಗುತ್ತದೆ.

ಅಮ್ಮನಿಗೆ ನನ್ನ ನಮಸ್ಕಾರ. ನಿನ್ನ ಮೇಲೆ ಎಷ್ಟೇ ಉರಿದರೂ ನೀನು ಕೆಡಲಿ ಎನ್ನಲು ಬಾಯಿ ಬರುವುದಿಲ್ಲ. ಎದ್ದು ನಿಂತು ಮಾತಾಡುವಾಗ ನಿನ್ನ ಗಂಟಲು ಕಟ್ಟದಿರಲಿ, ಹೊತ್ತಿಗೆ ಸರಿಯಾಗಿ ಊಟ ಸಿಗಲಿ, ನಿನ್ನ ಊರಿನವರಿಗೆ ಆ ಮೊದಲನೇ ಗಾಡಿ ಬೇಗ ಬರಲಿ. ಚೆನ್ನಾಗಿರು.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಅವತ್ತು ರೇಡಿಯೋದಲ್ಲಿ ನೀನು ಗಿಳಿಯ ಮಾತಿಗೆ ಬಂದಾಗ ನಮ್ಮ ಕೋಣೆಯಲ್ಲಿ ಎಲ್ಲರೂ ತುತ್ತು ಕೈಯಲ್ಲೇ ಹಿಡಿದು ಸುಮ್ಮನೆ ಕೂತಿದ್ದರು. ಅದು ಎಲ್ಲಿಗೆ ಹೋಗುತ್ತಿದೆ ಎಂದು ಅವರಿಗೆಲ್ಲ ಗೊತ್ತಾಗಿತ್ತು, ನನಗೆ ಮಾತ್ರ ಆಗಿರಲಿಲ್ಲ. "ಕಾಲು ಒರೆಸ್ಕೊಂಡು ಒಳಗೆ ಬಾ" ಅಂತ ನೀನು ಎಷ್ಟು ಚೆನ್ನಾಗಿ ಹೇಳಿದೆ ಅಂದರೆ, ನನಗೆ ನೀನು ಅಮ್ಮನ ಮಂಚದ ಪಕ್ಕ ಕೂತಿರುವ ಹಾಗೇ ಅನ್ನಿಸಿತು. ಸಭೆಯವರಿಗಿಂತ ಮೊದಲು, ಗಟ್ಟಿಯಾಗಿ, ಉದ್ದಣ್ಣನ ಎದುರಿಗೇ, ನಾನು ನಕ್ಕುಬಿಟ್ಟೆ.