ಎಡಗೈಯಲ್ಲಿರುವ ಆಯಿಗೆ

ಫೆಬ್ರವರಿ ೩೦, ೨೧೮೪
ಇಳಕಲ್ಲು, ಓಣಿಯ ಅಡುಗೆಮನೆ

ದುಂಡವ್ವ ಆಯಿಗೆ ನಿನ್ನ ಮರಿಮಗನ ಮರಿಮಗ ಯಮನೂರಪ್ಪ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಕ್ಕೆ ಹೆಸರೇ ಇಲ್ಲ, ಆಗ ಹುಟ್ಟಿದವರಿಗೆ ವಯಸ್ಸೇ ಆಗುವುದಿಲ್ಲ ಎಂದು ನಮ್ಮ ಹೆಂಗಸರು ವಾದಿಸುತ್ತಾರೆ. ನನ್ನ ಮಾತು ಸೊಟ್ಟಗೆ ಕಂಡರೆ ಕ್ಷಮಿಸು, ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ಒಬ್ಬರಿಗೆ ಜನ್ಮದಲ್ಲಿ ಒಂದೇ. ಹೆಚ್ಚಿನವರು ಮುತ್ತಜ್ಜನಿಗೆ ‘ಆ ಹೊಲ ಮಾರಬೇಡ’ ಎಂದು ಬರೆದು ಮುಗಿಸುತ್ತಾರೆ. ನಾನು ನಿನಗೆ ಬರೆಯುತ್ತಿದ್ದೇನೆ, ಏಕೆಂದರೆ ನೀನು ನನ್ನ ಎಡಗೈಯಲ್ಲಿದ್ದೀಯ.

ಈ ಓಲೆ ಸಿಗುವ ಹೊತ್ತಿಗೆ ನಿನ್ನ ಕುತ್ತಿಗೆಯ ಹೊಲಿಗೆ ಇನ್ನೂ ಹಸಿಯಾಗಿರುತ್ತದೆ. ಗಂಟಲಿನ ಥೈರಾಯ್ಡ್ ಹಿಂದೆ ತೊಗರಿಬೇಳೆಯಷ್ಟಿರಬೇಕಾದ ನಾಲ್ಕು ಗ್ರಂಥಿಗಳು ನಿನಗೆ ನೆಲ್ಲಿಕಾಯಿಯಾಗಿದ್ದವು. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ಅವು ಒಂದು ಹಾರ್ಮೋನು ಬಿಟ್ಟು ಎಲುಬಿನಿಂದ ಕಡ ತರುತ್ತವೆ. ನಿನ್ನವು ಸುಮ್ಮನಾಗುವುದನ್ನೇ ಮರೆತಿದ್ದವು. ನಾಲ್ಕನ್ನೂ ತೆಗೆದು, ಸಾಧುವಾಗಿ ಕಂಡ ಒಂದು ಚೂರನ್ನು ನಿನ್ನ ಮುಂಗೈ ಸ್ನಾಯುವಿನಲ್ಲಿ ನೆಟ್ಟರು, ಇನ್ನೊಂದಿಷ್ಟನ್ನು ಹಿಮದಲ್ಲಿಟ್ಟರು. ಈ ರೋಗ ನಮ್ಮ ರಕ್ತದಲ್ಲೇ ಇದೆ. ಅದಕ್ಕೇ ನಮ್ಮ ಮನೆಯ ಮಕ್ಕಳಿಗೆ ಹನ್ನೆರಡು ತುಂಬುತ್ತಲೇ ಆ ನಾಲ್ಕನ್ನೂ ತೆಗೆಸಿ, ಹಿರಿಯರ ಕೈಯಿಂದ ಒಂದು ಚಿಟಿಕೆ ಕಿತ್ತು ಕಿರಿಯರ ಕೈಯಲ್ಲಿ ನೆಡುತ್ತೇವೆ. ಅದಿಲ್ಲದಿದ್ದರೆ ಕ್ಯಾಲ್ಸಿಯಂ ಇಳಿದು ಬೆರಳು ಜುಮುಗುಡುತ್ತವೆ, ಜನ್ಮವಿಡೀ ಗುಳಿಗೆ ನುಂಗಬೇಕು. ಇದಕ್ಕೆ ‘ಕಾಳು ಕೊಡುವುದು’ ಎಂದು ಹೆಸರು. ಅಂದು ಹೋಳಿಗೆ ಮಾಡುತ್ತೇವೆ, ಕಾಳಿಗೆ ಅರಿಷಿಣ ಹಚ್ಚುತ್ತೇವೆ. ಪರರ ಗ್ರಂಥಿಗಿಂತ ಆಯಿಯದೇ ಲೇಸು ಎಂದು ಯಾರೋ ಮೊದಲು ಅಂದರು. ಬೇಡವೆನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಬಹಳ ಕಾಲ ನೀನು ಚೆನ್ನಾಗಿಯೇ ನಡೆದುಕೊಂಡೆ. ಆಮೇಲೆ ಅಪ್ಪ ಗಿಡ್ಡನಾಗತೊಡಗಿದ. ‘ಯಪ್ಪಾ, ಭೂಮಿಗೆ ಇಳಿಯೂದು ಅಂದ್ರ ನಿಂತಲ್ಲೇ ಇಳಿಯೂದಲ್ಲೋ’ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ, ಅವನೂ ನಗುತ್ತಿದ್ದ. ಕೊನೆಯ ತಿಂಗಳು ಬುದ್ಧಿ ಮಸುಕಾಗಿ, ನಮ್ಮಲ್ಲಿ ಯಾರಿಗೂ ಇಲ್ಲದ ಹೆಸರು ಹಿಡಿದು ಕರೆಯುತ್ತಿದ್ದ. ಸೋದರತ್ತೆ ನಿಂಗವ್ವ ಅವನ ಕೈಗೆ ಹಣೆ ಹಚ್ಚಿ, ‘ಆಯಿ ಮಾತಾಡಾಕತ್ತಾಳ, ಸುಮ್ಮಕಿರ್ರಿ’ ಅಂದಳು. ನಾವೆಲ್ಲ ಸುಮ್ಮನಿದ್ದೆವು. ಡಾಕ್ಟರನ್ನು ಕರೆಯಲೇ ಇಲ್ಲ.

ಈಗ ನನ್ನ ಸರದಿ. ಈ ಓಣಿಯ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುವವನು ನಾನು. ಹೋದ ವಾರ ಸೀನಿದೆ, ಪಕ್ಕೆಲುಬು ಮುರಿಯಿತು. ಡಾಕ್ಟರ್ ರುಕ್ಸಾನಾ ಎರಡೂ ಕೈಗಳಿಂದ ಬೇರೆಬೇರೆ ರಕ್ತ ತೆಗೆದರು. ‘ಬಲಗೈಗಿಂತ ಎಡಗೈ ರಕ್ತದಾಗ ಹಾರ್ಮೋನು ಇಪ್ಪತ್ತು ಪಟ್ಟು ಐತ್ರಿ’ ಅಂದರು. ‘ಹಂಗಾರ ಅದಕ್ಕೊಂದು ಬ್ಯಾರೆ ರೇಷನ್ ಕಾರ್ಡ್ ಮಾಡಸ್ರಿ’ ಅಂದೆ. ಅವರು ನಗಲಿಲ್ಲ. ಸೂಜಿಯಿಂದ ಕಾಳಿನ ಚೂರು ತೆಗೆದು, ಬಣ್ಣ ಹಾಕಿ ತೋರಿಸಿದರು. ಹಾರ್ಮೋನು ಇದ್ದಲ್ಲಿ ಕಂದು ಬಣ್ಣ ಹಿಡಿಯುತ್ತದಂತೆ. ಗಾಜಿನ ತುಂಬಾ ಬರೀ ಕಂದೇ, ಆಯಿ. ಬಿಳಿ ಅಂತ ಸಾಸಿವೆಯಷ್ಟೂ ಇರಲಿಲ್ಲ. ‘ಗಡ್ಡಿ ಆಗೇತಿ. ರಕ್ತದಾಗ ಕ್ಯಾಲ್ಸಿಯಂ ತುಂಬಿ ತುಳಕಾಕತ್ತಿದ್ರೂ ಇದಕ್ಕ ತಿಳಿವಲ್ದು, ಇನ್ನೂ ಕೇಳಾಕತ್ತೈತಿ’ ಅಂದರು.

ಯಾರಿಗಾಗಿ ಕೇಳುತ್ತಿದೆ ಎಂದು ನನಗೆ ಗೊತ್ತಾಯಿತು. ನೀನು ಹೋಗಿ ನೂರು ವರ್ಷದ ಮೇಲಾಯಿತು, ಕಾಳಿಗೆ ಯಾರೂ ಹೇಳಿಲ್ಲ. ನಿನ್ನ ರಕ್ತಕ್ಕೆಂದು ನಮ್ಮ ಎಲುಬನ್ನು ಒಡೆದೊಡೆದು ಕೊಡುತ್ತಿದೆ. ಕೈ ಮಗ್ಗುಲಾಗಿ ಮಲಗಿದರೆ ತಲೆದಿಂಬಿನ ಕೆಳಗೆ ಮಿಡಿಯುತ್ತದೆ. ಮೊನ್ನೆ ಮಗಳು ಕಸ್ತೂರಿಯನ್ನು ಯಾವುದೋ ಹೆಸರಿನಿಂದ ಕರೆದೆನಂತೆ. ನನಗೆ ನೆನಪಿಲ್ಲ.

ಕಸ್ತೂರಿಗೆ ಹನ್ನೆರಡು ತುಂಬಿದೆ. ಅವಳ ಗ್ರಂಥಿಗಳನ್ನು ತೆಗೆದಾಗಿದೆ, ನಾಳೆ ನಾನು ಕಾಳು ಕೊಡಬೇಕಿತ್ತು. ಹೋಳಿಗೆಗೆ ಬೇಳೆ ನೆನೆಹಾಕಿ ಕೂತಿದ್ದ ನಿಂಗವ್ವತ್ತೆ, ಕಾಳು ಕೊಡುವುದಿಲ್ಲ, ನನ್ನದನ್ನೂ ತೆಗೆಸುತ್ತೇನೆ ಎಂಬ ನನ್ನ ಮಾತು ಕೇಳಿ ಸೆಟೆದು ನಿಂತಳು. ‘ಆರು ತಲಿ ದಾಟಿ ಬಂದಾಕಿನ್ನ ನೀ ಕೊಲ್ಲಾಂವೇನೋ, ಬಾಡ್ಯಾ? ಹೆಸರಿಗೆ ತಕ್ಕಂಗ ಯಮನ ಆದಿ!’ ನನಗಿಂತ ಮೊದಲು ಕಸ್ತೂರಿಯೇ ಅತ್ತೆಯ ಕಡೆ ತಿರುಗಿ ಅಂದಳು: ‘ಅಜ್ಜೀ, ನಾ ಜನ್ಮಪೂರ್ತಿ ಗುಳಿಗಿ ನುಂಗ್ತೀನಿ. ಬೆರಳು ಜುಮುಜುಮು ಅಂದ್ರ ಅನ್ಲಿ. ಆಕಿ ನನ್ನ ಕೈಯಾಗ ಬಂದು ಕುಂತ್ರ, ನಾ ಎಲ್ಲಿ ಇರ್ಲಿ?’

ಅತ್ತೆ ನೆನೆದ ಬೇಳೆಯನ್ನು ಬಸಿದು, ಹೋಳಿಗೆ ಮಾಡದೆ ಬದಿಗಿಟ್ಟಳು.

ನಿನ್ನ ಮೇಲೆ ಸಿಟ್ಟಿಲ್ಲ ಆಯಿ. ಮಕ್ಕಳಿಗಾಗಲಿ ಎಂದೇ ಹಿಮದಲ್ಲಿಡಲು ಒಪ್ಪಿದ್ದೀಯ. ಆದರೆ ನಾಳೆ ಹನ್ನೊಂದು ಗಂಟೆಗೆ ನನ್ನ ಕೈ ಕೊಯ್ದು ಕಾಳು ತೆಗೆಯುತ್ತಾರೆ. ಹಿಮದಲ್ಲಿದ್ದದ್ದು ಎಂದೋ ಮುಗಿದಿದೆ, ನಿಂಗವ್ವತ್ತೆಯ ಕೈಯದು ಬತ್ತಿಹೋಗಿದೆ, ಅಣ್ಣತಮ್ಮಂದಿರ ಕೈಯಲ್ಲಿದ್ದದ್ದು ಅವರೊಡನೆ ಮಣ್ಣಾಗಿದೆ. ಭೂಮಿಯ ಮೇಲೆ ಬಿಸಿಯಾಗಿ ಉಳಿದ ನಿನ್ನ ತುಣುಕು ಇದೊಂದೇ. ಆಸ್ಪತ್ರೆಯವರ ಡಬ್ಬಿಗೆ ಹಾಕಲು ಬಿಡುವುದಿಲ್ಲ. ಅಪ್ಪನ ಪಕ್ಕದಲ್ಲಿ ಗೇಣು ಕುಣಿ ತೋಡಿಟ್ಟಿದ್ದೇನೆ, ವಿಭೂತಿ ತಂದಿಟ್ಟಿದ್ದೇನೆ. ಕತ್ತರಿ ತಾಕಿದಾಗ ಹೆದರಬೇಡ, ನೋವೆಲ್ಲ ನನ್ನದೇ ಕೈಗೆ.

ನಮ್ಮ ಮನೆಯಲ್ಲಿ ಹೊರಟವರಿಗೆ ಯಾರೂ ಬರೀ ‘ಹೋಗು’ ಅನ್ನುವುದಿಲ್ಲ, ‘ಹೋಗಿ ಬಾ’ ಅನ್ನುತ್ತೇವೆ. ಹೆಣಕ್ಕೂ ಹಾಗೇ ಅಂದು ಕಳಿಸುತ್ತೇವೆ. ನಾಳೆ ನನ್ನಿಂದಾಗದು.

ಹೋಗು, ಆಯಿ. ಬರಬೇಡ.