ಒಂದು ವಾಷರ್ ಜಾಸ್ತಿ

ಮಾರ್ಚ್ 4, ಸೋಮವಾರ. ಬೆಳಿಗ್ಗೆ

ಬಚ್ಚಲಿನ ಸೋಪಿನ ಡಬ್ಬಿಯಲ್ಲಿ ಸೋಪಿಲ್ಲ. ನಾಲ್ಕು ಫ್ಯೂಸ್. ತೊಳೆದು, ಒಣಗಲು ಸಾಲಾಗಿ ಮಲಗಿಸಿದ್ದು. ನಿದ್ದೆಗಣ್ಣಲ್ಲಿ ಒಂದನ್ನು ಕೆನ್ನೆಗೆ ಉಜ್ಜಿಕೊಂಡೆ.

ಮಾವನ ಕೆಲಸ. ಶುಕ್ರವಾರದ ತಪಾಸಣೆಯಲ್ಲಿ ಅಜ್ಜಿಯ ಕಾರು ಫೇಲ್. ಐವತ್ತೆರಡು ವರ್ಷದ ಕಾರು. ಬ್ರೇಕ್ ಪಾಸ್, ಹೊಗೆ ಪಾಸ್, ಹಾರನ್ ಅಂತೂ ಡಿಸ್ಟಿಂಕ್ಷನ್. ಆದರೆ ರಿವರ್ಸ್ ಗೇರ್ ಹಾಕಿದರೆ ಹಿಂದಿನ ಬಿಳಿ ದೀಪಗಳು ಎರಡೂ ಹತ್ತುವುದಿಲ್ಲ. ಮರುಪರೀಕ್ಷೆ ಹದಿನೈದಕ್ಕೆ. ಅಷ್ಟರಲ್ಲಿ ದೀಪ ಬರದಿದ್ದರೆ ಕೀಲಿ ಮಾವನ ಕೈಗೆ, ಇನ್ನು ಸ್ಟಿಯರಿಂಗ್ ಮುಟ್ಟುವುದಿಲ್ಲ — ಸಿಟ್ಟಿನಲ್ಲಿ ಅಜ್ಜಿಯೇ ಆಡಿದ ಮಾತು. ಆಡಿದ್ದನ್ನು ನುಂಗುವವಳಲ್ಲ. ವಯಸ್ಸು ಎಪ್ಪತ್ತಮೂರು. ಕಾರಿಲ್ಲದ ಅಜ್ಜಿಯನ್ನು ನಾನು ಕಂಡೇ ಇಲ್ಲ.

"ಫ್ಯೂಸ್ ತೊಳೆದ್ರೆ ದೀಪ ಹತ್ತತ್ತೇನೋ? ಅಕ್ಕಿ ತೊಳೆದ ಹಾಗೆ ತೊಳ್ದಿದೀಯ," ಎಂದಳು ಅಜ್ಜಿ ಮಗನಿಗೆ.

"ಕಿಲುಬು ಹೋಗತ್ತಮ್ಮ. ಮೂವತ್ತು ವರ್ಷ ಹೊಲಿಗೆ ಮೆಷಿನ್ ರಿಪೇರಿ ಮಾಡಿದ ಕೈ ಇದು."

"ಹೊಲಿಗೆ ಮೆಷಿನ್ನಿಗೆ ರಿವರ್ಸ್ ಗೇರ್ ಎಲ್ಲಿತ್ತಪ್ಪ?"

"ಇದೆ! ಲಿವರ್ ಒತ್ತಿದ್ರೆ ಹಿಂದಕ್ಕೂ ಹೊಲಿಯತ್ತೆ!"

ಆ ದೀಪದ ಫ್ಯೂಸಿನ ಮೇಲೆಯೇ ವೈಪರ್ ಕೂಡ ಇದೆ, ವೈಪರ್ ಸರಿಯಾಗಿ ಓಡುತ್ತಿತ್ತು, ಅಂದರೆ ತಪ್ಪು ಫ್ಯೂಸಿನದಲ್ಲ — ಹೇಳಬೇಕೆನಿಸಿತು. ಬಾಯಿ ತೆರೆಯುವಷ್ಟರಲ್ಲಿ ಇಬ್ಬರೂ ನಗುತ್ತಿದ್ದರು. ನಾನೂ ನಕ್ಕೆ.

ಮಾರ್ಚ್ 6, ಬುಧವಾರ

ಬಲ್ಬ್ ಬದಲಾಯಿಸಿದ್ದಾಯಿತು. ಅರ್ಥ್ ವೈರಿನ ತುಕ್ಕು ಕೆರೆದದ್ದಾಯಿತು. ದೀಪ ಮಾತ್ರ ಜಪ್ಪಯ್ಯ ಅಂದರೂ ಹತ್ತಲಿಲ್ಲ.

ನನ್ನದು ಟಾರ್ಚ್ ಹಿಡಿಯುವ ಕೆಲಸ. "ಎಂ.ಎ., ಈ ಕಡೆ ಬೆಳಕು. ಎಂ.ಎ., ನನ್ನ ಕಣ್ಣಿಗಲ್ಲ." ನಾನು ಕನ್ನಡ ಎಂ.ಎ.ಗೆ ಸೇರಿದಂದಿನಿಂದ, ಅಂದರೆ ಎರಡು ವರ್ಷದಿಂದ, ಮಾವ ನನ್ನನ್ನು ಹೆಸರು ಹಿಡಿದು ಕರೆದಿಲ್ಲ.

ಬಿಡುವಿನಲ್ಲಿ ಕಾರಿನ ಮ್ಯಾನ್ಯುಯಲ್ ಓದಿದೆ. ಎಷ್ಟು ಚೊಕ್ಕ ಗದ್ಯ! ಒಂದು ವಿಶೇಷಣವೂ ದಂಡವಿಲ್ಲ. ಗೇರ್ ಬಾಕ್ಸಿನ ಪಕ್ಕೆಯಲ್ಲಿ ಬೆರಳಷ್ಟು ದಪ್ಪದ ಒಂದು ಸ್ವಿಚ್ ಇದೆಯಂತೆ. ರಿವರ್ಸ್ ಹಾಕಿದಾಗ ಒಳಗಿನ ಕಂಬಿ ಸರಿದು ಅದರ ಮೂಗು ಒತ್ತುತ್ತದೆ. ಮೂಗು ಒತ್ತಿದರೆ ದೀಪ. ಅಷ್ಟೇ ವಿದ್ಯೆ.

(ಈ ಪುಟದ ಮೇಲಿನ ಕಪ್ಪು ಗ್ರೀಸಿನದು.)

ಮಾರ್ಚ್ 9, ಶನಿವಾರ

ಕಾರನ್ನು ಸ್ಟ್ಯಾಂಡುಗಳ ಮೇಲೆ ಏರಿಸಿದೆವು. ಸ್ವಿಚ್ಚಿನಿಂದ ಎರಡು ವೈರ್ ಕಿತ್ತು, ನನ್ನ ಹೇರ್‌ಪಿನ್ನಿನಿಂದ ಒಂದಕ್ಕೊಂದು ಜೋಡಿಸಿದರು ಮಾವ. ಅಜ್ಜಿ ಕೀಲಿ ತಿರುಗಿಸಿದಳು. ಶೆಡ್ಡಿನ ಗೋಡೆಯ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳಕು! ಅಜ್ಜಿ ಖುಷಿಗೆ ಹಾರನ್ ಬಾರಿಸಿದಳು. ಕೆಳಗಿದ್ದ ಮಾವ ಬೆಚ್ಚಿ ತಲೆ ಬಡಿಸಿಕೊಂಡರು.

ವೈರ್ ಸರಿ. ಸ್ವಿಚ್ ಸತ್ತಿದೆ ಅಂತ ಮಾವನ ತೀರ್ಪು. ಹೊಸದಕ್ಕೆ ಆರ್ಡರ್.

ಮಾರ್ಚ್ 13, ಬುಧವಾರ

ಹೊಸ ಸ್ವಿಚ್ ಬಂತು. ಹಾಕಿದರು. ರಿವರ್ಸ್... ಕತ್ತಲೆ. ಮೂರು ಸಲ ಹಾಕಿ ತೆಗೆದರು. ಕತ್ತಲೆಯೇ.

ಸ್ವಲ್ಪ ಹೊತ್ತಿಗೆ ನೋಡಿದರೆ ಅಜ್ಜಿ ಡ್ಯಾಶ್‌ಬೋರ್ಡಿನ ಖಾನೆ ಖಾಲಿ ಮಾಡುತ್ತಿದ್ದಾಳೆ. ಬಾಚಣಿಗೆ, ಪೆಪ್ಪರ್‌ಮಿಂಟ್, ಒಂಟಿ ಕೈಗವಸು. ಒಂದೊಂದನ್ನೂ ಒರೆಸಿ ಚೀಲಕ್ಕೆ ಹಾಕುತ್ತಿದ್ದಳು.

ಅದೇ ದಿನ, ಮಧ್ಯಾಹ್ನ ಮೂರು

ತಡೆಯಲಾಗಲಿಲ್ಲ. ಕೀಲಿ ತಿರುಗಿಸಿಟ್ಟು ಕಾರಿನ ಕೆಳಗೆ ತೂರಿ, ಹಳೇ ಸ್ವಿಚ್ಚನ್ನು ವೈರಿಗೆ ಸಿಕ್ಕಿಸಿ, ಮೂಗನ್ನು ಹೆಬ್ಬೆರಳಿನಿಂದ ಒತ್ತಿದೆ. ಗೋಡೆ ಬೆಳ್ಳಗಾಯಿತು. ಅದು ಸತ್ತೇ ಇಲ್ಲ! ಅಂದರೆ ಕೆಟ್ಟದ್ದು ಯಾವುದೂ ಇಲ್ಲ. ಒಳಗಿನ ಕಂಬಿ ಮೂಗಿನ ತನಕ ಬರುತ್ತಿಲ್ಲ, ಅಷ್ಟೇ. ಯಾಕೆ?

ಟಾರ್ಚ್ ಹಿಡಿದು ನೋಡಿದೆ. ಸ್ವಿಚ್ಚಿನ ಬುಡದಲ್ಲಿ ತಾಮ್ರದ ಬಳೆಯಂಥ ವಾಷರ್ — ಎರಡು. ಮ್ಯಾನ್ಯುಯಲ್ ಚಿತ್ರದಲ್ಲಿ ಒಂದೇ. ಎರಡಾದ್ದರಿಂದ ಸ್ವಿಚ್ ಹೊರಗೆ ನಿಂತುಬಿಟ್ಟಿದೆ.

ಎರಡನೆಯದು ಯಾರದೆಂದು ಮನೆಗೆಲ್ಲ ಗೊತ್ತು. ಹೋದ ವರ್ಷ ಅಲ್ಲಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. "ಒಂದರ ಜಾಗಕ್ಕೆ ಎರಡು ಹಾಕ್ದೆ ನೋಡಿ, ತೊಟ್ಟು ನಿಂತೇ ಹೋಯ್ತು!" — ಮನೆಗೆ ಬಂದವರಿಗೆಲ್ಲ ಮಾವ ಹೇಳಿದ ಕಥೆ. ಹೊಸ ಸ್ವಿಚ್ ಹಾಕುವಾಗಲೂ ಅದೇ ಜೋಡಿಯನ್ನು ಜೋಪಾನವಾಗಿ ವಾಪಸ್ ಹಾಕಿದ್ದಾರೆ.

ಇದನ್ನು ನಾನು ಹೇಳಬೇಕು. ಅವರಿಗೆ. ನಾನು...

ಮಾರ್ಚ್ 14, ಗುರುವಾರ

ಹೇಳಿದೆ!

ಮಾವ ಕಾರಿನ ಕೆಳಗಿದ್ದರು, ಪಾದ ಮಾತ್ರ ಹೊರಗೆ. ಮುಖಕ್ಕಿಂತ ಪಾದಕ್ಕೆ ಹೇಳುವುದು ಸುಲಭ.

"ಮಾವ, ವಾಷರ್ ಒಂದು ಜಾಸ್ತಿ ಇದೆ ಅನ್ಸತ್ತೆ."

"ಏನು? ಸೊಳ್ಳೆ ಥರ ಗುಂಯ್ ಅನ್ಬೇಡ ಕಣೇ, ಬಿಡಿಸಿ ಹೇಳು."

"ವಾಷರ್ ಒಂದು ಜಾಸ್ತಿ! ನೀವೇ ಹಾಕಿದ್ದು!"

ಎದುರು ಮನೆಯ ಬಾಲ್ಕನಿಯಾಕೆ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ಬಗ್ಗಿ ನೋಡಿದರು. ಪಾದಗಳು ಅಲುಗಲಿಲ್ಲ. ಆಮೇಲೆ ಮಾವ ನಿಧಾನವಾಗಿ ಹೊರಗೆ ಜಾರಿ ಬಂದರು. ಮ್ಯಾನ್ಯುಯಲ್ ಚಿತ್ರ ನೋಡಿದರು. ನನ್ನನ್ನು ನೋಡಿದರು. ಮತ್ತೆ ಚಿತ್ರ.

"ಅಮ್ಮಾ! ಕಳ್ಳ ಸಿಕ್ಕ!"

"ಯಾರೋ ಅದು?" ಒಳಗಿನಿಂದ ಅಜ್ಜಿ.

"ನಾನೇ ಕಣಮ್ಮ!"

ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಒಂದೇ ಒಂದು ಹೊಸ ವಾಷರ್ ಹಾಕಿ ಬಿಗಿದರು. ರಿವರ್ಸ್ ಹಾಕಿದಳು ಅಜ್ಜಿ — ಗೋಡೆ ತುಂಬ ಬೆಳಕು! ಸಂಜೆಗೆ ಒಂದು ತೊಟ್ಟು ಆಯಿಲ್ ನೆಲಕ್ಕೆ ಬಿತ್ತು. "ಬೀಳಲಿ ಬಿಡು, ಅದಕ್ಕೂ ವಯಸ್ಸಾಗಿದೆ," ಎಂದು ಅಜ್ಜಿ ಕೆಳಗೊಂದು ಡಬ್ಬಿ ಮುಚ್ಚಳ ಇಟ್ಟಳು. ಪೆಪ್ಪರ್‌ಮಿಂಟ್ ಖಾನೆಗೆ ಮರಳಿತು.

ಮಾರ್ಚ್ 15, ಶುಕ್ರವಾರ

ಪಾಸ್! ಪಾಸ್! ಪಾಸ್!

ಒಂದು ವಿಷಯ ಮಾತ್ರ, ಇಲ್ಲೇ ಇರಲಿ. ಇನ್‌ಸ್ಪೆಕ್ಟರ್ ಮೇಡಂ "ಹಿಂದಕ್ಕೆ ತಗೊಂಡು ಆ ಗೆರೆ ಒಳಗೆ ನಿಲ್ಲಿಸಿ" ಅಂದರು. ಅಜ್ಜಿ ರಿವರ್ಸ್ ಹಾಕಿದಳು, ಹಿಂದೆ ತಿರುಗಲು ಹೋದಳು. ಕತ್ತು ಅರ್ಧಕ್ಕೇ ನಿಂತಿತು. ಭುಜ ತಿರುಗಿಸಿ ನೋಡಿದಳು, ಅದೂ ಆಗಲಿಲ್ಲ. ಹೊರಗೆ ನಿಂತಿದ್ದ ಮಾವ ದೀಪಗಳನ್ನೇ ನೋಡುತ್ತಿದ್ದರು. ಕಂಡದ್ದು ನನಗೊಬ್ಬಳಿಗೆ.

"ಪೆನ್ ಬಿತ್ತು" ಎಂದು ಇಳಿದೆ. ಕಾರಿನ ಹಿಂದೆ ಹೋಗಿ ನಿಂತೆ. ಬೆಳಕು ಎರಡೂ ಮೊಣಕಾಲಿನ ಮೇಲೆ.

"ಬರಲಿ... ಬರಲಿ... ಸ್ವಲ್ಪ ಎಡಕ್ಕೆ... ಬರಲಿ... ಸಾಕು!"

ಪಕ್ಕದ ಸಾಲಿನ ಲಾರಿಯವನೂ ಬ್ರೇಕ್ ಹಾಕಿದ. ಅದು ನನ್ನ ಗಂಟಲೇ?

ಒಂದೇ ಸಲಕ್ಕೆ ಗೆರೆಯೊಳಗೆ ನಿಲ್ಲಿಸಿದೆ ಎಂದು ಅಜ್ಜಿ ಸಂಜೆಯಿಂದ ಎಲ್ಲರಿಗೂ ಹೇಳುತ್ತಿದ್ದಾಳೆ. ನಿಜವೇ ತಾನೆ.

ಕತ್ತಿನ ಮಾತು ಎತ್ತುವುದಿಲ್ಲ. ನಾಳೆಯಿಂದ ಅವಳು ಕಾರು ಹೊರಗೆ ತೆಗೆಯುವ ಹೊತ್ತಿಗೆ ನನಗೆ ಗೇಟಿನ ಹತ್ತಿರ ಏನಾದರೂ ಕೆಲಸ ಇರುತ್ತದೆ. ಗಿಡಕ್ಕೆ ನೀರು. ಟಪಾಲು. ಏನೂ ಇಲ್ಲದ ದಿನ ಸುಮ್ಮನೆ ನಿಂತು, ಜೋರಾಗಿ — "ಬರಲಿ... ಬರಲಿ..."