ತಲೆಕೆಳಗಾದ ನಾಮ

ನಂಜನಗೂಡು
ಪರಿಧಾವಿ ಸಂವತ್ಸರ, ಆಶ್ವಯುಜ ಬಹುಳ, ಸೋಮವಾರ
೪-೧೧-೧೯೧೨

ಪ್ರೀತಿಯ ಅಪ್ಪಾಜಿಗೆ,

ನಿಮ್ಮ ಮಗಳು ಸರ್ವಮಂಗಳಾ ಮಾಡುವ ಶರಣು. ಮಂಡಿನೋವು ಹೇಗಿದೆ? ಮೂಗೂರಿನಲ್ಲಿ ಚನ್ನಬಸಮ್ಮಕ್ಕ ನಿಮ್ಮ ಕಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದಾಳೋ, ಇಲ್ಲ ಅಲ್ಲೂ ಕೋಪ ಮಾಡಿಕೊಂಡು ಯಾರನ್ನೂ ಹತ್ತಿರ ಸೇರಿಸುತ್ತಿಲ್ಲವೋ? ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕರಿ ಎಮ್ಮೆ ಮಾತ್ರ ನೀವಿಲ್ಲದೆ ಸರಿಯಾಗಿ ಹಾಲು ಕೊಡುತ್ತಿಲ್ಲ. ಅದಕ್ಕೂ ನಿಮ್ಮದೇ ಬುದ್ಧಿ.

ಇನ್ನು ಕತ್ತಿಯ ಸಮಾಚಾರ. ಆಯುಧಪೂಜೆಯ ದಿನ ಪ್ರಸಾದಕ್ಕೆ ಬಂದ ಪೊಲೀಸ್ ದಫೇದಾರರು ಅಲಗಿನ ಬುಡದಲ್ಲಿ ಬಾಣದ ಗುರುತು ಕಂಡು, ಇದು ಸರ್ಕಾರದ ಸ್ವತ್ತು, ನಿಮ್ಮ ಮನೆಗೆ ಹೇಗೆ ಬಂತು ಎಂದರು. ನೀವು ‘ಸರ್ಕಾರದ್ ಅರಾಜ್ನಲ್ಲಿ ಕೂಗಿ ತಗೊಂಡೆ’ ಎಂದಿರಿ. ಅಲ್ಲಿಗೆ ಮುಗಿದಿದ್ದರೆ ಆಗುತ್ತಿತ್ತು. ಅವರು ಹೋದ ಮೇಲೆ ಅವ್ವ ಬಾಯಿ ತಡೆಯದೆ ‘ದಿಟ ಏಳಿ, ಸರ್ಕಾರಕ್ಕೇ ನಾಮ ಆಕ್ಬುಟ್ರಾ?’ ಎಂದುಬಿಟ್ಟಳು. ರಿಸಾಲೆಯ ಕುದುರೆ ಮೇಲೆಯೇ ಕೂದಲು ನರೆಸಿಕೊಂಡ ನಿಮಗೆ ಆ ಮಾತು ಎಷ್ಟು ಚುಚ್ಚಿತೆಂದು ನನಗೆ ಗೊತ್ತು. ಆದರೂ ಅಪ್ಪಾಜಿ, ಎರಡನೇ ಮಾತಾಡದೆ ರುಮಾಲು ಸುತ್ತಿಕೊಂಡು ಅಕ್ಕನ ಊರಿಗೆ ಹೊರಟುಬಿಡುವುದೇ? ಕಳ್ಳಮಾಲು ಸಿಕ್ಕಿಬಿತ್ತು, ಅದಕ್ಕೇ ಹೋದರು ಎಂದು ಬೀದಿಯವರು ಆಡಿಕೊಂಡರು. ಕತ್ತಿಯನ್ನು ಕಚೇರಿಗೆ ಒಪ್ಪಿಸಿ ಎಂದು ದಫೇದಾರರು ಹೇಳಿಕಳುಹಿಸಿದರು.

ಅವ್ವನಿಗೆ ಅದು ಬಾಣ ಎಂದೇ ಗೊತ್ತಿರಲಿಲ್ಲ. ಮೂರು ಗೀಟು ಒಂದೆಡೆ ಕೂಡಿದ್ದನ್ನು ಕಂಡು, ಮೊದಲಿನಿಂದಲೂ ನಾಮ ಎಂದೇ ತಿಳಿದಿದ್ದಳು. ಲಿಂಗ ಕಟ್ಟಿದವರ ಮನೆಯ ಕತ್ತಿಗೆ ನಾಮ ಇರಬಹುದೇ ಎಂದು ಪ್ರತಿ ಪೂಜೆಗೂ ಅದರ ಮೇಲೆ ವಿಭೂತಿ ಮೆತ್ತುತ್ತಿದ್ದಳು. ಎಣ್ಣೆಯೂ ವಿಭೂತಿಯೂ ಸೇರಿ ಅಲ್ಲಿ ಗಾರೆ ಹಚ್ಚಿದ ಹಾಗಾಗಿತ್ತು. ಈ ಸಲ ಒಂದು ಚೂರು ಉದುರಿದ್ದರಿಂದ ದಫೇದಾರರ ಕಣ್ಣಿಗೆ ಬಿತ್ತು.

ಕಚೇರಿಗೆ ಕೊಡುವ ವಸ್ತು ಕೊಳಕಾಗಿರಬಾರದು ಎಂದು ಮೊನ್ನೆ ಅವ್ವ ಕತ್ತಿಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಕೂತಳು. ಅಳುತ್ತಲೂ ಇದ್ದಳು, ಅದನ್ನು ನಿಮಗೆ ಬರೆಯಬಾರದಂತೆ. ಗಾರೆಯೆಲ್ಲ ಎದ್ದುಬಂದ ಮೇಲೆ ‘ಮಂಗಳೀ, ಇಲ್ಲೊಂದ್ ನಾಮ ತಲೆಕೆಳಗಾಗ್ಯದೆ ಕಣೇ’ ಎಂದು ಕೂಗಿದಳು. ಓಡಿಹೋಗಿ ನೋಡಿದರೆ ಎರಡು ಬಾಣ, ಒಂದಕ್ಕೊಂದು ಮೊನೆ ತಾಗಿಸಿಕೊಂಡಿವೆ. ನಿಮ್ಮ ರಿಸಾಲೆಯ ಜೊತೆಗಾರ ಚಿಕ್ಕಸ್ವಾಮಿ ಮಾವನನ್ನು ಕರೆಸಿದೆ. ಅವರು ನೋಡಿದವರೇ ನಕ್ಕು, ‘ಒಂದ್ ಬಾಣ ಇದ್ರೆ ಸರ್ಕಾರದ್ದು ಕಣವ್ವಾ. ಇಂಗೆ ಮೂತಿಗ್ ಮೂತಿ ಕೊಟ್ಕಂಡಿದ್ರೆ ಸರ್ಕಾರ ಮಾರ್ಬುಟ್ಟದೆ ಅಂತ’ ಎಂದರು. ಹಿಡಿಯ ಮೇಲೆ ಕೆತ್ತಿದ್ದ ರಿಸಾಲೆ ತುಕಡಿಯ ಅಕ್ಷರಕ್ಕೂ ಅಡ್ಡಗೀಟು ಹೊಡೆದಿರುವುದನ್ನು ತೋರಿಸಿದರು. ದಫೇದಾರರ ಹತ್ತಿರ ತಾವೇ ಕತ್ತಿ ಒಯ್ದರು. ಅವರೂ ಒಪ್ಪಿ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು.

ಆ ಎರಡನೇ ಬಾಣ ನಿಮಗೆ ಗೊತ್ತಿತ್ತಲ್ಲವೇ? ಉಗುರಿನಲ್ಲಿ ಕೆರೆದು ತೋರಿಸಿದ್ದರೆ ಆಗುತ್ತಿತ್ತು. ಹೆಂಡತಿ ನನ್ನ ಮಾತು ನಂಬಬೇಕು, ಅವಳಿಗೂ ಗುರುತು ತೋರಿಸಬೇಕೇ ಎಂದು ನಿಮ್ಮ ಮನಸ್ಸಿಗೆ ಬಂತು. ನನಗೆ ಅದು ಅರ್ಥವಾಗುತ್ತದೆ. ನೀವಿಲ್ಲದೆ ಮನೆ ಮನೆಯ ಹಾಗಿಲ್ಲ ಅಪ್ಪಾಜಿ, ದೀಪಾವಳಿಗೆ ಬಂದುಬಿಡಿ.

ಅಕ್ಕನಿಗೂ ಭಾವನಿಗೂ ಶರಣು ತಿಳಿಸಿ. ನಂಜುಂಡೇಶ್ವರ ನಿಮ್ಮ ಮಂಡಿಗೆ ಬಲವನ್ನೂ ಮೂಗಿನ ತುದಿಗೆ ತಂಪನ್ನೂ ಕೊಡಲಿ.

ನಿಮ್ಮ ಮಗಳು,
ಸರ್ವಮಂಗಳಾ

ಇನ್ನೊಂದು ಮಾತು: ‘ನಂದೇನೂ ಬರೀಬ್ಯಾಡ’ ಎಂದ ಅವ್ವ ನಾಳೆ ಬೆಳಿಗ್ಗೆ ಗಾಡಿ ಕಟ್ಟಿಸಿಕೊಂಡು ಮೂಗೂರಿಗೇ ಬರುತ್ತಿದ್ದಾಳೆ. ಅದಕ್ಕೇ ಈ ಕಾಗದವನ್ನು ಈಗಲೇ ಆ ಕಡೆ ಹೊರಟ ಚಿಕ್ಕಸ್ವಾಮಿ ಮಾವನ ಕೈಲಿ ಕೊಡುತ್ತಿದ್ದೇನೆ. ತಪ್ಪಾಯಿತು ಎನ್ನುವ ಮಾತು ಅವಳ ಬಾಯಿಗೆ ಬರುವುದಿಲ್ಲ. ಬಾಗಿಲಲ್ಲಿ ಬಂದು ಸುಮ್ಮನೆ ನಿಲ್ಲುತ್ತಾಳೆ. ನೀವೂ ಸುಮ್ಮನೆ ನಿಂತುಬಿಡಬೇಡಿ ಅಪ್ಪಾಜಿ. ‘ಬಾ, ಉಂಡ್ಯಾ’ ಎಂದು ಮೊದಲು ನೀವೇ ಕೇಳಿಬಿಡಿ.